ಒಂದು ಚೀಲ ಚೆರಿಗೆ ಎಷ್ಟು ಕಪ್ ಕಾಫಿ?

ಓದುಗರ ಪ್ರಶ್ನೆ, ಟೀಚರ್ ಉತ್ತರ

ನಮ್ಮ ಶಾಲೆಯ ಮಕ್ಕಳು ಬೇರೆ ದೇಶದ ಮಕ್ಕಳ ಜೊತೆ ಲೈವ್ ವಿಡಿಯೊದಲ್ಲಿ ಜಾಗತೀಕರಣದ ಬಗ್ಗೆ ಮಾತಾಡಿದ್ದನ್ನು ಹೋದ ಸಂಚಿಕೆಯಲ್ಲಿ ನಾಲ್ಕೇ ಸಾಲಲ್ಲಿ ಬರೆದಿದ್ದೆ. ಬರೆದು ಮರೆತೂ ಬಿಟ್ಟಿದ್ದೆ. ಆದರೆ ಕೊಡಗಿನ ಮೂಲೆ ಮೂಲೆಯಿಂದ ಪ್ರಶ್ನೆಗಳು ಬಂದಿವೆ. ಹಾಗಾಗಿ ಈ ಸಲ ಅಂಕಣ ಪೂರ್ತಿ ಅದಕ್ಕೇ. ಎಸ್ಸೆಸ್ಸೆಲ್ಸಿ ಆದ ಮೇಲೆ ಸೈನ್ಸಾ, ಕಾಮರ್ಸಾ ಅಂತ ಕೇಳಿದವರು ಒಂದು ತಿಂಗಳು ತಾಳಿಕೊಳ್ಳಿ.

ಪ್ರಶ್ನೆ: ಮೇಡಂ, ನಮ್ಮದು ಸರ್ಕಾರಿ ಪ್ರೌಢಶಾಲೆ. ಇಟಲಿಯ ಒಂದು ಶಾಲೆಯವರು ನಮ್ಮ ಒಂಬತ್ತನೇ ಕ್ಲಾಸಿನ ಜೊತೆ ಜಾಗತೀಕರಣದ ಬಗ್ಗೆ ವಿಡಿಯೊದಲ್ಲಿ ಮಾತಾಡಬೇಕು ಎಂದಿದ್ದಾರೆ. ನಮ್ಮ ಮಕ್ಕಳ ಇಂಗ್ಲಿಷ್ ಅಷ್ಟಕ್ಕಷ್ಟೆ. ನೋಟ್ಸ್ ಬರೆದು ಕೊಟ್ಟು ಬಾಯಿಪಾಠ ಮಾಡಿಸಲಾ? ಜೊತೆಗೆ ಒಂದು ಡ್ಯಾನ್ಸ್ ಇಟ್ಟರೆ ಹೇಗೆ?
ಸಮಾಜ ವಿಜ್ಞಾನ ಶಿಕ್ಷಕಿ, ಸೋಮವಾರಪೇಟೆ ತಾಲೂಕು

ಬಾಯಿಪಾಠ ಬೇಡ ಟೀಚರ್, ದಯವಿಟ್ಟು. ಆ ತಪ್ಪು ಮಾಡಿದವಳು ನಾನು, ಅದಕ್ಕೇ ಹೇಳುತ್ತಿದ್ದೇನೆ.

ನಮ್ಮ ಮೊದಲ ಕಾಲ್ ಕೂಡ ಇಟಲಿಯ ಒಂದು ಶಾಲೆಯ ಜೊತೆಗೇ ಇತ್ತು. ‘ಜಾಗತೀಕರಣ ಎಂದರೇನು’ ಅಂತ ಒಂದು ವಾರ ಇಂಗ್ಲಿಷಿನಲ್ಲಿ ಐದು ಸಾಲು ಉರು ಹೊಡೆಸಿದೆ. ಆ ದಿನ ಎಲ್ಲರದ್ದೂ ಇಸ್ತ್ರಿ ಮಾಡಿದ ಯೂನಿಫಾರ್ಮು, ಎಣ್ಣೆ ಹಚ್ಚಿ ಬಾಚಿದ ತಲೆ. ಒಬ್ಬಳು ಎದ್ದು ಐದು ಸಾಲು ಹೇಳಿದಳು. ಇನ್ನೊಬ್ಬ ಎದ್ದು ಅದೇ ಐದು ಸಾಲು ಹೇಳಿದ. ಮೂರನೆಯವಳು ಮೂರನೇ ಸಾಲಿನಲ್ಲಿ ತಡವರಿಸಿ ಅಳು ಮುಖ ಮಾಡಿಕೊಂಡಳು. ಆ ಕಡೆಯ ಮಕ್ಕಳು ಪಾಪ, ಸುಮ್ನೆ ತಲೆಯಾಡಿಸುತ್ತಾ ಕೂತಿದ್ದರು. ಆಮೇಲೆ ನಮ್ಮ ಹುಡುಗಿಯರ ಉಮ್ಮತ್ತಾಟ್, ಕೊಡವ ಹೆಣ್ಣುಮಕ್ಕಳ ಕುಣಿತ, ಶುರುವಾಯಿತು. ಅದೂ ಅರ್ಧಕ್ಕೆ ನಿಂತು, ಎಲ್ಲರ ಕೈ ಗಾಳಿಯಲ್ಲಿ ಹಾಗೇ ಉಳಿದು, ನೆಟ್‌ವರ್ಕ್ ಬರುವಷ್ಟರಲ್ಲಿ ಟೈಮ್ ಮುಗಿದಿತ್ತು. ಟಾಟಾ, ಬೈ ಬೈ. ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ: ‘ಮಿಸ್, ಅವರು ನಮ್ಮ ಕಾಫಿ ಕುಡೀತಾರಾ?’

ಅಯ್ಯೋ, ಇದನ್ನೇ ಮೊದಲು ಕೇಳಬೇಕಿತ್ತಲ್ವಾ ಅನ್ನಿಸಿತು. ಭಾರತದ ಕಾಫಿ ಜಾಸ್ತಿ ಹೋಗುವ ದೇಶವೇ ಇಟಲಿ. ಭಾರತದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಕೊಡಗಿನದು. ಅವರ ಎಸ್ಪ್ರೆಸೊ ಎಂಬ ಗಟ್ಟಿ ಕಾಫಿಯ ಮೇಲೆ ನಿಲ್ಲುವ ದಪ್ಪ ನೊರೆಗೆ ರೊಬಸ್ಟಾ ಜಾತಿಯ ಕಾಫಿ ಬೇಕು, ಆ ರೊಬಸ್ಟಾ ನಮ್ಮ ಮಕ್ಕಳ ಮನೆ ಕಣದಲ್ಲೇ ಒಣಗುತ್ತಿದೆ. ಇಷ್ಟೆಲ್ಲ ಇಟ್ಟುಕೊಂಡು ನಾವು ಐದು ಸಾಲು ಒಪ್ಪಿಸಿ ಬಂದೆವು.

ಎರಡನೇ ಕಾಲ್‌ಗೆ ನೋಟ್ಸ್ ಇರಲಿಲ್ಲ, ಒಂದು ಲೆಕ್ಕ ಇತ್ತು. ನೀವೂ ಬೋರ್ಡ್ ಮೇಲೆ ಮಾಡಿಸಿ. 50 ಕೆಜಿಯ ಒಂದು ಚೀಲ ರೊಬಸ್ಟಾ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು. ಓ.ಟಿ. (ಔಟ್‌ಟರ್ನ್) 26 ಅಂತ ಇಟ್ಟುಕೊಳ್ಳಿ, ಅಂದರೆ ಕ್ಯೂರಿಂಗ್‌ನಲ್ಲಿ ಸಿಪ್ಪೆ ಬಿಡಿಸಿದರೆ 26 ಕೆಜಿ ಬೀಜ. ಹುರಿದಾಗ ಆರರಲ್ಲಿ ಒಂದು ಪಾಲಿನಷ್ಟು ತೂಕ ಹೋಗುತ್ತದೆ, ಉಳಿಯುವುದು 21, 22 ಕೆಜಿ. ಒಂದು ಎಸ್ಪ್ರೆಸೊಗೆ ಸುಮಾರು 7 ಗ್ರಾಂ ಪುಡಿ. ಭಾಗಿಸಿದರೆ ಹತ್ತಿರ ಹತ್ತಿರ 3,000 ಕಪ್. ಇಷ್ಟು ನಮ್ಮ ಕಡೆಯ ಲೆಕ್ಕ. ಉಳಿದದ್ದನ್ನು ಅವರಿಂದ ಕೇಳಬೇಕು, ಒಂದು ಕಪ್‌ಗೆ ನಿಮ್ಮೂರಲ್ಲಿ ಎಷ್ಟು ಅಂತ.

ಆ ಕಡೆಯ ಹುಡುಗಿ ಉತ್ತರ ಕೊಟ್ಟಳು, ‘ನಾನು ಅಪ್ಪನ ಜೊತೆ ಬೆಳಿಗ್ಗೆ ಬಾರ್‌ಗೆ ಹೋಗ್ತೀನಿ, ಅಲ್ಲಿ 1 ಯೂರೊ 20 ಸೆಂಟ್.’ ನಮ್ಮ ಕ್ಲಾಸಿನಲ್ಲಿ ಹಾಹಾಕಾರ! ಬೆಳಿಗ್ಗೆ, ಅಪ್ಪನ ಜೊತೆ, ಬಾರ್‌ಗೆ! ಇಟಲಿಯಲ್ಲಿ ಬಾರ್ ಅಂದರೆ ಕಾಫಿ ಅಂಗಡಿ, ನಮ್ಮ ಹೋಟೆಲ್ ಇದ್ದ ಹಾಗೆ ಎಂದು ಬಿಡಿಸಿ ಹೇಳುವಷ್ಟರಲ್ಲಿ ಐದು ನಿಮಿಷ ಹೋಯಿತು. ಆದರೆ ಆ ಐದು ನಿಮಿಷದಲ್ಲಿ ಎರಡೂ ಕಡೆಯವರ ಬಿಗುಮಾನ ಬಿಟ್ಟುಹೋಯಿತು.

ಮೂರು ಸಾವಿರ ಕಪ್‌ಗೆ 3,600 ಯೂರೊ. ರೂಪಾಯಿಗೆ ಬದಲಾಯಿಸಿದರೆ ಮೂರು ಲಕ್ಷ ದಾಟುತ್ತದೆ. ಇಲ್ಲಿ ಅದೇ ಚೀಲಕ್ಕೆ ರೇಟು ಚೆನ್ನಾಗಿದ್ದ ವರ್ಷ ಹತ್ತು ಸಾವಿರದ ಆಸುಪಾಸು. ಹಿಂದಿನ ಬೆಂಚು ‘ಮಿಸ್, ಮೋಸ!’ ಎಂದಿತು. ಆ ಕಡೆಯ ಟೀಚರ್ ಒಳ್ಳೆಯವರು, ಸಿಟ್ಟಾಗಲಿಲ್ಲ. ಅವರ ಮಕ್ಕಳು ಮುಂದಿನ ಸಲ ಹತ್ತಿರದ ಬಾರ್ ಮಾಲೀಕನ ಹತ್ತಿರ ಕೂತು ಕೇಳಿಕೊಂಡು ಬಂದರು. ಬಾಡಿಗೆ, ಕರೆಂಟು, ಕೆಲಸದವರ ಸಂಬಳ, ಮೆಷಿನ್ನಿನ ಕಂತು, ತೆರಿಗೆ, ಹುರಿಯುವ ಕಂಪನಿಯ ಪಾಲು, ಹಡಗಿನ ಬಾಡಿಗೆ. ಆ ಮನುಷ್ಯನೇನೂ ಸಾಹುಕಾರ ಅಲ್ಲವಂತೆ.

ಇಷ್ಟಕ್ಕೇ ಮುಗಿದಿದ್ದರೆ ನಮಗೂ ಸಮಾಧಾನ ಇತ್ತು. ಆದರೆ ಅವರಲ್ಲಿ ಒಬ್ಬ ತಿರುಗಿ ಕೇಳಿದ: ‘ಆ ಹತ್ತು ಸಾವಿರದಲ್ಲಿ ಹಣ್ಣು ಕಿತ್ತವರಿಗೆ ಎಷ್ಟು?’ ನಮ್ಮ ಕ್ಲಾಸಿನಲ್ಲಿ ತೋಟದವರ ಮಕ್ಕಳೂ ಇದ್ದರು, ಲೈನ್ ಮನೆಯ, ಅಂದರೆ ತೋಟದ ಕೂಲಿಯವರ ಸಾಲುಮನೆಯ, ಮಕ್ಕಳೂ ಇದ್ದರು. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಲೈನ್ ಮನೆಯ ಹುಡುಗಿ, ವರ್ಷವಿಡೀ ಕ್ಲಾಸಿನಲ್ಲಿ ಬಾಯಿ ಬಿಡದವಳು, ಎದ್ದು ಕನ್ನಡದಲ್ಲೇ ಹೇಳಿದಳು. ಅಮ್ಮ ಸೊಂಟಕ್ಕೆ ಚೀಲ ಕಟ್ಟಿಕೊಳ್ಳುವುದು, ಸಂಜೆ ತೋಟದ ಲೆಕ್ಕ ಬರೆಯುವ ರೈಟರ್ ತೂಕ ಹಾಕುವುದು, ಕೆಜಿ ಲೆಕ್ಕದಲ್ಲಿ ದುಡ್ಡು, ಗಿಡದ ತುಂಬ ಕೆಂಜಿರುವೆ. ತೋಳು ಮಡಚಿ ಕ್ಯಾಮೆರಾದ ಹತ್ತಿರ ಹಿಡಿದಳು. ರಜೆಯಲ್ಲಿ ಅಮ್ಮನ ಜೊತೆ ಹೋಗಿದ್ದಾಗ ಕಚ್ಚಿಸಿಕೊಂಡ ಗುರುತು, ಸಾಲಾಗಿ ಕೆಂಪು ಚುಕ್ಕೆ. ಇನ್ನೊಬ್ಬಳು ಅದನ್ನು ಇಂಗ್ಲಿಷಿಗೆ ತಿರುಗಿಸಿದಳು, ‘ಕೆಂಜಿರುವೆ’ಗೆ ಬರೀ ‘ಯಾಂಟ್, ರೆಡ್, ವೆರಿ ಪೇನ್’ ಎಂದಳು. ಸಾಕಾಯಿತು, ಆ ಕಡೆಯವರಿಗೆ ಪೂರ್ತಿ ಅರ್ಥವಾಗಿತ್ತು.

ಹಾಗಾಗಿ ಇಂಗ್ಲಿಷಿನ ಚಿಂತೆ ಬಿಡಿ. ಇಟಲಿ ಮಕ್ಕಳಿಗೂ ಅದು ಶಾಲೆಯಲ್ಲಿ ಕಲಿತ ಭಾಷೆ, ಅವರೂ ತಡವರಿಸುತ್ತಾರೆ. ಹೇಳುವವರು ಕನ್ನಡದಲ್ಲಿ ಹೇಳಲಿ, ಚೂರುಪಾರು ಬರುವವರು ತಿರುಗಿಸಲಿ. ತಯಾರಿ ಬೇಕೇ ಬೇಕು ಅನ್ನಿಸಿದರೆ, ಮನೆಯಲ್ಲಿ ಬೇರೆ ದೇಶದಿಂದ ಬಂದದ್ದು ಏನೇನಿದೆ ಎಂದು ಅಡುಗೆಮನೆ ಹುಡುಕಿಸಿ. ಪಾಮ್ ಎಣ್ಣೆ ಪ್ಯಾಕೆಟ್ ಸಿಗುತ್ತದೆ, ಅದರ ಊರು ಇಂಡೋನೇಷ್ಯಾನೋ ಮಲೇಷ್ಯಾನೋ ಇರಬಹುದು. ಪಂದಿ ಕರಿಗೆ (ಹಂದಿ ಮಾಂಸದ ಸಾರಿಗೆ) ಹಾಕುವ ಸಣ್ಣ ಖಾರದ ಮೆಣಸಿಗೆ ಕೊಡವ ಭಾಷೆಯಲ್ಲಿ ಹೆಸರೇ ಪರಂಗಿ ಮಳು. ಪರಂಗಿ ಅಂದರೆ ಹಡಗಿನಲ್ಲಿ ಬಂದ ಬಿಳಿಯರು. ಮೆಣಸಿನಕಾಯಿ ಅಮೆರಿಕ ಖಂಡದ ಗಿಡ, ಪೋರ್ಚುಗೀಸರ ಕಾಲದಲ್ಲಿ ಇಲ್ಲಿಗೆ ಬಂತು. ಇಟಲಿಯವರು ತಮ್ಮದು ಎಂದು ಹೆಮ್ಮೆಪಡುವ ಟೊಮೆಟೊ ಕೂಡ ಅದೇ ಕಡೆಯಿಂದ ಬಂದದ್ದು. ಇದನ್ನು ಹೇಳಿ ನೋಡಿ, ಮಾತು ತಾನಾಗಿ ಹೊರಡುತ್ತದೆ.

ಡ್ಯಾನ್ಸ್ ಬೇಡವೇ ಅಂದರೆ, ಮಾಡಿಸಿ, ರೆಕಾರ್ಡ್ ಮಾಡಿ ಮೊದಲೇ ಕಳಿಸಿ. ಲೈವ್ ಟೈಮನ್ನು ಅದಕ್ಕೆ ಸುಡಬೇಡಿ.

ಪ್ರಶ್ನೆ: ಜಾಗತೀಕರಣ ಅಂದರೆ ಏನು ಅಂತ ನಮಗೆ ವಿಯೆಟ್ನಾಂ ಕರಿಮೆಣಸು ಚೆನ್ನಾಗಿ ಕಲಿಸಿದೆ ಮೇಡಂ. ಮಕ್ಕಳಿಗೆ ಅದನ್ನು ಟಿ.ವಿ. ಹಾಕಿ ತೋರಿಸಬೇಕಾ? ಹಾಗಿದ್ದರೆ ವಿಯೆಟ್ನಾಂ ಮಕ್ಕಳನ್ನೇ ಕರೆಸಿ, ನಮ್ಮ ಹುಡುಗರು ನಾಲ್ಕು ಮಾತು ಕೇಳಲಿ!
ಬೆಳೆಗಾರ, ಸಿದ್ದಾಪುರ

ಅಣ್ಣ, ನೀವು ಸಿಟ್ಟಿನಲ್ಲಿ ಹೇಳಿದ್ದೇ ಈ ಸಲ ಬಂದ ಸಲಹೆಗಳಲ್ಲಿ ಬೆಸ್ಟ್. ವಿಯೆಟ್ನಾಂ ನಮಗಿಂತ ಒಂದೂವರೆ ಗಂಟೆ ಮುಂದೆ ಅಷ್ಟೆ. ನಮ್ಮ ಬೆಳಗಿನ ಹತ್ತು ಗಂಟೆ ಅವರ ಹನ್ನೊಂದೂವರೆ, ಟೈಮ್ ಹೊಂದಿಸುವ ತಲೆನೋವೇ ಇಲ್ಲ.

ನಿಮ್ಮ ಸಿಟ್ಟು ಸುಳ್ಳಲ್ಲ. ಕಡಿಮೆ ಬೆಲೆಯ ವಿಯೆಟ್ನಾಂ ಮೆಣಸು ಶ್ರೀಲಂಕಾ ದಾರಿಯಲ್ಲಿ ಕಡಿಮೆ ಸುಂಕಕ್ಕೆ ಒಳಗೆ ಬಂದು ನಮ್ಮ ರೇಟು ಬಿದ್ದಿತ್ತು. 2017ರ ಕೊನೆಗೆ ಕೇಂದ್ರ ಸರ್ಕಾರ ಕೆಜಿಗೆ 500 ರೂಪಾಯಿ ಅಂತ ಕನಿಷ್ಠ ಆಮದು ಬೆಲೆ ಕಟ್ಟಬೇಕಾಯಿತು. ಅದು ಗೊತ್ತಿರುವ ವಿಷಯ. ಆದರೆ ಕಥೆ ಅಲ್ಲಿಂದ ಶುರುವಾಗಲಿಲ್ಲ ಅಲ್ವಾ?

ನಿಮ್ಮ ತಂದೆಯವರ ಕಾಲ ನೆನಪು ಮಾಡಿಕೊಳ್ಳಿ. 1942ರ ಕಾಫಿ ಕಾಯ್ದೆಯ ಲೆಕ್ಕದಲ್ಲಿ ಬೆಳೆದ ಕಾಫಿಯೆಲ್ಲ ಕಾಫಿ ಬೋರ್ಡಿನ ಪೂಲ್‌ಗೆ, ಎಲ್ಲರದ್ದೂ ಸೇರಿಸಿ ಮಾರುವ ರಾಶಿಗೆ, ಹೋಗಬೇಕಿತ್ತು, ದುಡ್ಡು ಕಂತು ಕಂತಾಗಿ ಬರುತ್ತಿತ್ತು, ಬೈಯದ ಬೆಳೆಗಾರ ಇರಲಿಲ್ಲ. ಆ ಕಡೆ ಯಾವ ದೇಶ ಎಷ್ಟು ಕಾಫಿ ಕಳಿಸಬೇಕು ಎಂದು ಹಿಡಿದಿಟ್ಟಿದ್ದ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ 1989ರಲ್ಲಿ ಮುರಿದುಬಿತ್ತು. ಇಲ್ಲಿ 1990ರ ದಶಕದಲ್ಲಿ ಒಂದೊಂದೇ ಗಂಟು ಬಿಚ್ಚಿ, 1996ರ ಹೊತ್ತಿಗೆ ನಿಮ್ಮ ಕಾಫಿ ನೀವೇ ಮಾರಿಕೊಳ್ಳಿ ಎಂದಾಯಿತು. ನಡುವೆ 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅವರ ಗಿಡ ಸುಟ್ಟುಹೋದಾಗ ನಮ್ಮಲ್ಲಿ ಎಷ್ಟು ಹೊಸ ಜೀಪು ಬಂತು, ಎಷ್ಟು ಮನೆಗೆ ಟೆರೇಸ್ ಬಿತ್ತು, ನೆನಪಿದೆಯಾ? ಆಮೇಲೆ 2001, 2002ರಲ್ಲಿ ಕಾಫಿ ಕೊಯ್ದರೆ ಕೂಲಿಯೂ ಹುಟ್ಟದ ಹಾಗಾಯಿತು. 1986ರಲ್ಲಿ ಆರ್ಥಿಕತೆ ತೆರೆದ ವಿಯೆಟ್ನಾಂ ಹದಿನೈದು ವರ್ಷದೊಳಗೆ ಬ್ರೆಜಿಲ್ ಬಿಟ್ಟರೆ ತಾನೇ ಎನ್ನುವಷ್ಟು ಕಾಫಿ ಬೆಳೆದಿತ್ತು. ಆದರೆ ಅದೇ ರೇಟಿಗೆ ಅಲ್ಲಿನ ರೈತರೂ ಬಿದ್ದರು. ಕಾಫಿ ಗಿಡ ಕಿತ್ತವರು ಅಲ್ಲೂ ಇದ್ದರು.

2024ರಲ್ಲಿ ಲಂಡನ್ ಮಾರುಕಟ್ಟೆಯಲ್ಲಿ ರೊಬಸ್ಟಾ ಹಿಂದೆಂದೂ ಕಾಣದ ರೇಟು ಕಂಡಿತಲ್ಲ, ಅದಕ್ಕೆ ಒಂದು ಕಾರಣ ವಿಯೆಟ್ನಾಂನ ಬರ. ಅಲ್ಲಿ ಬರ, ಇಲ್ಲಿ ಮದುವೆ ಜೋರು. ಇದನ್ನು ನಿಮ್ಮ ಮಗ ಡಾಕ್‌ಲಾಕ್ ಪ್ರಾಂತ್ಯದ ಒಬ್ಬ ರೈತನ ಮಗನಿಗೆ ಮುಖ ನೋಡಿ ಹೇಳಲಿ, ಅವನು ಏನು ಹೇಳುತ್ತಾನೋ ಕೇಳಲಿ. ಅಲ್ಲಿ ಈಗ ತುಂಬ ಜನ ಕಾಫಿ ತೆಗೆದು ಡ್ಯೂರಿಯನ್ ಎಂಬ ಹಣ್ಣು ಹಾಕುತ್ತಿದ್ದಾರೆ, ಚೀನಾದವರು ಕೊಳ್ಳುತ್ತಾರೆ ಎಂದು. ನಮ್ಮಲ್ಲಿ ಬೆಣ್ಣೆಹಣ್ಣು ಹಾಕುತ್ತಿರುವ ಹಾಗೆ. ಇದನ್ನು ಮಾತಾಡಿಕೊಳ್ಳಲು ಅವರಿಬ್ಬರಿಗೆ ಪಾಠದ ಪುಸ್ತಕವೇ ಬೇಡ.

ನಾಲ್ಕು ಮಾತು ಕೇಳಲಿ ಎಂದಿರಿ. ಖಂಡಿತ ಕೇಳಲಿ. ಕೇಳಿಸಿಕೊಳ್ಳಲೂ ಬೇಕಾಗುತ್ತದೆ, ಅದಕ್ಕೂ ಹುಡುಗನನ್ನು ರೆಡಿ ಮಾಡಿ ಕಳಿಸಿ.

ಪ್ರಶ್ನೆ: ಮಿಸ್, ನಾನು ಪಿಯುಸಿ. ಅಮೆರಿಕದ ಹುಡುಗ ‘ನೀವು ಶಾಲೆಗೆ ಆನೆ ಮೇಲೆ ಬರ್ತೀರಾ?’ ಅಂತ ಕೇಳಿದ. ಅವರ ಕ್ಲಾಸಿಗೆ ಕ್ಲಾಸೇ ನಕ್ಕಿತು. ನನಗೆ ಏನು ಹೇಳಬೇಕೋ ತೋಚಲಿಲ್ಲ, ತುಂಬ ಅವಮಾನ ಆಯಿತು. ಇನ್ನು ಕೂರಲ್ಲ ಅಂದುಬಿಟ್ಟೆ.
ವಿದ್ಯಾರ್ಥಿನಿ, ನಾಪೋಕ್ಲು

ನೋಡು ಮಗು, ಅವನಿಗೆ ನಿಜ ಹೇಳಿಬಿಡು. ‘ಇಲ್ಲಪ್ಪ, ಆನೆ ಬಂದ ದಿನ ನಾವು ಶಾಲೆಗೆ ಬರೋದೇ ಇಲ್ಲ’ ಅನ್ನು. ವಾಟ್ಸಾಪ್ ಗ್ರೂಪಿನಲ್ಲಿ ‘ರಸ್ತೆ ಪಕ್ಕ ಆನೆ ಇದೆ’ ಎಂದು ಮೆಸೇಜ್ ಬಂದರೆ ಅಪ್ಪ ಜೀಪು ತೆಗೆಯುವುದಿಲ್ಲ, ತೋಟಕ್ಕೆ ಕೆಲಸದವರು ಇಳಿಯುವುದಿಲ್ಲ, ಹಿಂದಿನ ವರ್ಷ ಹಲಸಿನ ಮರದ ಬುಡದಲ್ಲಿ ಏನಾಯಿತು ಎಂಬ ಕಥೆ ಮತ್ತೆ ಶುರುವಾಗುತ್ತದೆ. ಇದನ್ನು ಹೇಳಿದ್ದರೆ ಆ ಕ್ಲಾಸು ನಗು ನಿಲ್ಲಿಸಿ ಬಾಯಿ ಬಿಟ್ಟುಕೊಂಡು ಕೇಳುತ್ತಿತ್ತು.

ಇನ್ನೊಂದು ಗುಟ್ಟು. ನಮ್ಮವರೂ ಕಡಿಮೆ ಇಲ್ಲ. ನನ್ನ ಕ್ಲಾಸಿನ ಒಬ್ಬ ಮಹಾಶಯ ಅಮೆರಿಕದ ಹುಡುಗಿಗೆ ‘ನಿಮ್ಮಲ್ಲಿ ಎಲ್ಲರ ಮನೇಲೂ ಗನ್ ಇರುತ್ತಂತೆ, ಹೆದರಿಕೆ ಆಗಲ್ವಾ?’ ಎಂದು ಕೇಳಿದ. ಕೇಳಿದವನ ಮನೆಯ ಗೋಡೆ ಮೇಲೆ ಎರಡು ಕೋವಿ! ಕೊಡವರಿಗೂ ಜಮ್ಮಾ ಎಂಬ ಹಳೆಯ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸ್ ವಿನಾಯಿತಿ ಬ್ರಿಟಿಷರ ಕಾಲದಿಂದ ಇದೆ, ನಮ್ಮ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತೇವೆ. ಆ ಹುಡುಗಿ ನಿಧಾನವಾಗಿ ಹೇಳಿದಳು, ‘ನಮ್ಮ ಮನೇಲಿ ಒಂದೂ ಇಲ್ಲ. ನಿಮ್ಮನೇಲಿ?’ ಅವನ ಮುಖ ನೋಡಬೇಕಿತ್ತು.

ನಕ್ಕವರ ಮುಂದೆ ಇನ್ನೊಂದು ಸಲ ಕೂತು ನೋಡು. ಈ ಸಲ ಮೊದಲ ಪ್ರಶ್ನೆ ನಿನ್ನದಾಗಿರಲಿ.

ಪ್ರಶ್ನೆ: ನಮ್ಮ ಪ್ರಾಥಮಿಕ ಶಾಲೆಯಲ್ಲಿ ಅರ್ಧ ಮಕ್ಕಳು ತೋಟಕ್ಕೆ ಕೆಲಸಕ್ಕೆ ಬಂದ ಅಸ್ಸಾಂ ಕಡೆಯವರು. ಉಳಿದ ಮಕ್ಕಳು ಅವರ ಜೊತೆಗೇ ಕೂರುವುದಿಲ್ಲ. ಇಂಥದ್ದರಲ್ಲಿ ವಿದೇಶದ ಮಕ್ಕಳ ಜೊತೆ ಮಾತಾಡಿಸುವ ಶೋಕಿ ನಮಗೆ ಬೇಕಾ ಅನ್ನಿಸುತ್ತದೆ. ತಪ್ಪಾ?
ಶಿಕ್ಷಕ, ವಿರಾಜಪೇಟೆ ತಾಲೂಕು

ತಪ್ಪೇನಿಲ್ಲ ಮಾಷ್ಟ್ರೇ. ವಿದೇಶ ಆಮೇಲೆ. ಮೊದಲ ಕಾಲ್ ಅಸ್ಸಾಂಗೆ ಹಾಕಿ.

ಆ ಮಕ್ಕಳಲ್ಲಿ ಒಬ್ಬರ ಅಜ್ಜಿಯೋ, ದೊಡ್ಡಮ್ಮನ ಮಗನೋ ಊರಿನಲ್ಲಿ ಇದ್ದೇ ಇರುತ್ತಾರೆ, ಫೋನೂ ಇರುತ್ತದೆ. ಪ್ರೊಜೆಕ್ಟರ್‌ಗೆ ಹಾಕಿ ಕ್ಲಾಸಿಗೆ ತೋರಿಸಿ. ಆ ದಿನ ಅನುವಾದ ಮಾಡುವವನು ಯಾರು? ಯಾರೂ ಪಕ್ಕಕ್ಕೆ ಕೂರಿಸಿಕೊಳ್ಳದ ಅದೇ ಹುಡುಗ. ಏಳು ವರ್ಷದವನು ಮನೆಯಲ್ಲಿ ಒಂದು ಭಾಷೆ, ತೋಟದಲ್ಲಿ ಹಿಂದಿ, ನಿಮ್ಮ ಹತ್ತಿರ ಕನ್ನಡ ಮಾತಾಡುತ್ತಾನೆ. ಅದು ಪಕ್ಕದಲ್ಲಿ ಕೂರದವರಿಗೆ ಅವತ್ತು ಕಾಣುತ್ತದೆ.

ಅಲ್ಲಿ ಚಹಾ ತೋಟದ ಕಡೆಯವರು ಸಿಕ್ಕರೆ ‘ಬಾಗಾನ್ ಟೈಮ್’ ಬಗ್ಗೆ ಕೇಳಿಸಿ. ಅಸ್ಸಾಂನಲ್ಲಿ ಸೂರ್ಯ ನಮಗಿಂತ ಬಹಳ ಮೊದಲು ಹುಟ್ಟುತ್ತಾನೆ. ಬೆಳಕು ದಂಡವಾಗಬಾರದು ಎಂದು ಬ್ರಿಟಿಷ್ ತೋಟದವರು ಗಡಿಯಾರವನ್ನೇ ಒಂದು ಗಂಟೆ ಮುಂದಿಟ್ಟರು, ಆ ರೂಢಿ ಈಗಲೂ ಚಹಾ ತೋಟಗಳಲ್ಲಿ ಇದೆ. ಒಂದೇ ದೇಶ, ತೋಟಕ್ಕೆ ಬೇರೆ ಟೈಮು. ನಮ್ಮ ತೋಟದ ಮಕ್ಕಳಿಗೆ ಇದು ಅರ್ಥವಾಗದೆ ಇರುತ್ತದಾ?

ಪ್ರಶ್ನೆ: ಮಳೆ ಬಂದರೆ ಕರೆಂಟಿಲ್ಲ, ಕರೆಂಟಿದ್ದರೆ ನೆಟ್‌ವರ್ಕ್ ಇಲ್ಲ. ಯಾವ ಆ್ಯಪ್ ಒಳ್ಳೆಯದು? ಆ ಕಡೆ ಮಾತಾಡಲು ಶಾಲೆ ಹುಡುಕುವುದಾದರೂ ಎಲ್ಲಿ?
ಕಂಪ್ಯೂಟರ್ ಶಿಕ್ಷಕ, ಭಾಗಮಂಡಲ ಕಡೆ

ಜೂನ್, ಜುಲೈ, ಆಗಸ್ಟ್ ಮರೆತುಬಿಡಿ. ನೆಟ್‌ವರ್ಕ್ ಇದ್ದರೂ ಶೀಟಿನ ಮಾಡಿನ ಮೇಲೆ ಬೀಳುವ ಮಳೆ ನಿಮ್ಮ ಮಾತನ್ನು ನುಂಗುತ್ತದೆ. ಒಮ್ಮೆ ಆ ಕಡೆಯವರು ‘ನಿಮ್ಮಲ್ಲಿ ಯಾಕೆ ಅಷ್ಟು ಚಪ್ಪಾಳೆ?’ ಎಂದು ಕೇಳಿದ್ದರು, ಪಾಪ.

ಆ್ಯಪ್ ಯಾವುದಾದರೂ ಆಗುತ್ತದೆ. ದುಡ್ಡು ಕೊಡದೆ ಬಳಸಿದರೆ ಗುಂಪಿನ ಕಾಲ್‌ಗೆ ಝೂಮ್ 40 ನಿಮಿಷ, ಗೂಗಲ್ ಮೀಟ್ 60 ನಿಮಿಷ ಕೊಡುತ್ತದೆ. ಮಕ್ಕಳಿಗೆ 40 ನಿಮಿಷಕ್ಕಿಂತ ಜಾಸ್ತಿ ಬೇಡ ಕೂಡ. ಸ್ಕೈಪ್ ಇದೆಯಲ್ಲ ಎಂದು ಕೆಲವರು ಬರೆದಿದ್ದಾರೆ. ಅದು 2025ರ ಮೇ ತಿಂಗಳಲ್ಲಿ ಮುಚ್ಚಿತು. ಆದರೆ ಅದರಲ್ಲಿ ಶಾಲೆಗಳು ಆಡುತ್ತಿದ್ದ ಒಂದು ಆಟ ಚೆನ್ನಾಗಿದೆ, ಯಾವ ಆ್ಯಪಿನಲ್ಲೂ ಆಡಬಹುದು. ಎರಡೂ ಕಡೆ ಊರು ಹೇಳುವುದಿಲ್ಲ, ಹೌದು-ಇಲ್ಲ ಪ್ರಶ್ನೆ ಕೇಳುತ್ತಾ ಭೂಪಟ ನೋಡಿ ಕಂಡುಹಿಡಿಯಬೇಕು. ‘ನಿಮ್ಮ ಊರಿಗೆ ಸಮುದ್ರ ಇದೆಯಾ?’ ಅಲ್ಲಿಂದ ಶುರು.

ಸಲಕರಣೆ ವಿಷಯದಲ್ಲಿ ನಾನು ಕಲಿತದ್ದು ಇಷ್ಟೆ. ಎರಡು ಬೇರೆ ಕಂಪನಿಯ ಸಿಮ್ ಇರುವ ಎರಡು ಫೋನ್ ಹಾಟ್‌ಸ್ಪಾಟ್‌ಗೆ ರೆಡಿ ಇರಲಿ. ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಆಗಿರಲಿ. ಸಿಗ್ನಲ್ ಕುಗ್ಗಿದ ಕೂಡಲೇ ವಿಡಿಯೊ ಆಫ್ ಮಾಡಿ ಮಾತು ಉಳಿಸಿಕೊಳ್ಳಿ, ಮುಖ ಕಾಣದಿದ್ದರೆ ನಡೆಯುತ್ತದೆ, ಮಾತು ಕೇಳದಿದ್ದರೆ ಇಲ್ಲ. ಮಾತಾಡುವ ಮಗು ಎದ್ದು ಬಂದು ಲ್ಯಾಪ್‌ಟಾಪ್ ಹತ್ತಿರ ಕೂರಲಿ, ಕೂತಲ್ಲಿಂದ ಕೂಗಿದರೆ ಬರೀ ಪ್ರತಿಧ್ವನಿ. ಆ ಕಡೆಯ ಟೀಚರ್ ಜೊತೆ ವಾಟ್ಸಾಪ್ ತೆರೆದಿಟ್ಟುಕೊಳ್ಳಿ, ಲೈನ್ ಕಟ್ಟಾದಾಗ ‘ಎರಡು ನಿಮಿಷ’ ಎಂದು ಹಾಕಲು. ಹಾಕುತ್ತಲೇ ಇರಬೇಕಾಗುತ್ತದೆ.

ಶಾಲೆ ಹುಡುಕುವುದಕ್ಕೆ ಹಳೆಯ ಜಾಲಗಳಿವೆ. ಐ-ಅರ್ನ್ ಎಂಬುದು 1988ರಲ್ಲಿ ನ್ಯೂಯಾರ್ಕ್ ಮತ್ತು ಮಾಸ್ಕೋ ಶಾಲೆಗಳನ್ನು ಜೋಡಿಸಿ ಶುರುವಾದದ್ದು, ಶೀತಲ ಸಮರ ಇನ್ನೂ ಮುಗಿದಿರಲಿಲ್ಲ, ಯೋಚನೆ ಮಾಡಿ. ಭಾರತದ ಶಾಲೆಗಳೂ ಅದರಲ್ಲಿವೆ. ನ್ಯೂಯಾರ್ಕಿನ ಗ್ಲೋಬಲ್ ನೊಮ್ಯಾಡ್ಸ್ ಗ್ರೂಪ್ 1998ರಿಂದ ಹೈಸ್ಕೂಲು ಮಕ್ಕಳನ್ನು ಹೀಗೆ ಮಾತಾಡಿಸುತ್ತಾ ಬಂದಿದೆ. ಇವೆಲ್ಲ ಉದ್ದದ ದಾರಿ ಅನ್ನಿಸಿದರೆ ನಿಮ್ಮ ಶಾಲೆಯ ಹಳೆ ವಿದ್ಯಾರ್ಥಿ ಯಾರು ಯಾವ ದೇಶದಲ್ಲಿದ್ದಾರೆ ನೋಡಿ. ಅವರ ಮಗುವಿನ ಕ್ಲಾಸ್ ಟೀಚರ್‌ಗೆ ಒಂದು ಮೇಲ್ ಸಾಕು. ನಮ್ಮ ಇಟಲಿ ಸಂಬಂಧ ಕೂಡಿದ್ದೂ ಹಾಗೇ.

ಪ್ರಶ್ನೆ: ನನ್ನ ಮಗಳ ಮುಖ ಇಂಟರ್ನೆಟ್ಟಿಗೆ ಹೋಗುವುದು ನನಗೆ ಇಷ್ಟವಿಲ್ಲ. ಶಾಲೆಯವರು ಒಂದು ಮಾತೂ ಕೇಳದೆ ಕೂರಿಸಿದ್ದಾರೆ.
ತಾಯಿ, ಕುಶಾಲನಗರ

ಕೇಳಲೇಬೇಕಿತ್ತು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷದೊಳಗಿನವರೆಲ್ಲ ಮಕ್ಕಳೇ, ಅವರ ವಿಷಯಕ್ಕೆ ತಂದೆ ತಾಯಿಯ ಒಪ್ಪಿಗೆ ಬೇಕು ಎನ್ನುತ್ತದೆ ಅದು. ಶಾಲೆಗೆ ಹೋಗಿ ಕೇಳಿ: ರೆಕಾರ್ಡ್ ಮಾಡುತ್ತೀರಾ, ಮಾಡಿದರೆ ಎಲ್ಲಿ ಇಡುತ್ತೀರಿ, ಯೂಟ್ಯೂಬಿಗೆ ಹಾಕುತ್ತೀರಾ, ಪೂರ್ತಿ ಹೆಸರು ಹೇಳಿಸುತ್ತೀರಾ. ಕೊನೆಯ ಎರಡಕ್ಕೆ ಉತ್ತರ ‘ಇಲ್ಲ’ ಎಂದೇ ಇರಬೇಕು. ಮಕ್ಕಳು ತಮ್ಮ ತಮ್ಮಲ್ಲೇ ಇನ್‌ಸ್ಟಾ ಐಡಿ ಬದಲಾಯಿಸಿಕೊಳ್ಳದ ಹಾಗೆ ಟೀಚರ್ ಅಲ್ಲೇ ಕೂತಿರಬೇಕು. ಇಷ್ಟಾದ ಮೇಲೂ ಮನಸ್ಸು ಒಪ್ಪದಿದ್ದರೆ ಮಗಳು ಕ್ಯಾಮೆರಾದ ಹಿಂದೆ ಕೂತು ಪ್ರಶ್ನೆ ಬರೆದು ಕೊಡಲಿ. ನನ್ನ ಅನುಭವದಲ್ಲಿ ಒಳ್ಳೆ ಪ್ರಶ್ನೆಗಳು ಅಲ್ಲಿಂದಲೇ ಬರುತ್ತವೆ.

ಪ್ರಶ್ನೆ: 1970ರ ದಶಕದಲ್ಲಿ ನನ್ನ ವಿದ್ಯಾರ್ಥಿಗಳು ಜಪಾನಿನ ಪತ್ರಮಿತ್ರರಿಗೆ ಬರೆಯುತ್ತಿದ್ದರು. ಉತ್ತರಕ್ಕೆ ತಿಂಗಳು ಕಾಯುತ್ತಿದ್ದರು. ಈಗಿನ 40 ನಿಮಿಷದ ಗಡಿಬಿಡಿಯಲ್ಲಿ ಏನು ಸ್ನೇಹ?
ನಿವೃತ್ತ ಹೆಡ್ಮಾಸ್ಟರ್, ಗೋಣಿಕೊಪ್ಪ

ನಿಮ್ಮ ಮಾತು ಅರ್ಧ ಒಪ್ಪಿದೆ ಸರ್. ಒಂದೇ ಕಾಲ್ ಮಾಡಿ ಫೋಟೋ ಹೊಡೆದು ಪೇಪರಿಗೆ ಕಳಿಸುವುದಾದರೆ ಮಾಡದಿರುವುದೇ ಮೇಲು. ನಾವು ಒಂದು ವರ್ಷಕ್ಕೆ ನಾಲ್ಕು ಕಾಲ್ ಇಟ್ಟುಕೊಂಡೆವು, ನಡುನಡುವೆ ಕಾಗದ. ನಿಜವಾದ ಕಾಗದ, ಸ್ಟಾಂಪ್ ಹಚ್ಚಿ. ಒಬ್ಬಳು ಲಕೋಟೆಯಲ್ಲಿ ಒಣಗಿದ ಕಾಫಿ ಹೂವು ಇಟ್ಟಿದ್ದಳು, ತಲುಪುವಷ್ಟರಲ್ಲಿ ಪುಡಿಯಾಗಿತ್ತು, ಆದರೂ ವಾಸನೆ ಇತ್ತು ಎಂದು ಉತ್ತರ ಬಂತು. ನಿಮ್ಮ ಹತ್ತಿರ ಆ ಜಪಾನಿನ ಕಾಗದಗಳಲ್ಲಿ ಒಂದಾದರೂ ಉಳಿದಿದ್ದರೆ ದಯವಿಟ್ಟು ಯಾವುದಾದರೂ ಶಾಲೆಗೆ ಕೊಂಡುಹೋಗಿ ಮಕ್ಕಳ ಕೈಗೆ ಕೊಡಿ.

ಪ್ರಶ್ನೆ: ಕಾಫಿ ಹುಟ್ಟಿದ ನಾಡಲ್ವಾ ಎಂದು ಆಸೆಯಿಂದ ಎಥಿಯೋಪಿಯಾದ ಶಾಲೆಯನ್ನು ಹುಡುಕಿದೆವು. ‘3 ಗಂಟೆಗೆ ಬನ್ನಿ’ ಎಂದರು. ಅವರ 3 ಗಂಟೆ ನಮ್ಮ ಸಂಜೆ 5:30 ಎಂದು ಲೆಕ್ಕ ಹಾಕಿ, ಬಸ್ ತಪ್ಪಿದರೂ ಪರವಾಗಿಲ್ಲ ಎಂದು ಮಕ್ಕಳನ್ನು ಕೂರಿಸಿದೆವು. ಆರೂವರೆವರೆಗೆ ಕಾದರೂ ಅವರು ಬರಲೇ ಇಲ್ಲ. ಇಷ್ಟು ಹಗುರವಾಗಿ ತೆಗೆದುಕೊಳ್ಳುವುದಾ?
ಶಿಕ್ಷಕಿ, ಸುಂಟಿಕೊಪ್ಪ

ಸ್ವಲ್ಪ ತಡೆಯಿರಿ, ಸಿಟ್ಟಾಗಬೇಡಿ. ಗಡಿಯಾರ ನಮಗೂ ಕೈಕೊಟ್ಟಿದೆ. ಯುರೋಪಿನವರು ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಿಡುತ್ತಾರೆ ಎಂದು ಗೊತ್ತಿಲ್ಲದೆ, ಇಟಲಿಯ ಕಾಲ್‌ಗೆ ನಾವು ಊಟ ಬಿಟ್ಟು ಒಂದು ಗಂಟೆ ಖಾಲಿ ಪರದೆ ನೋಡಿದ್ದೇವೆ.

ನಿಮ್ಮದು ಇನ್ನೂ ಮಜವಾಗಿದೆ. ಎಥಿಯೋಪಿಯಾದ ಜನ ದಿನವನ್ನು ಸೂರ್ಯ ಹುಟ್ಟಿದಲ್ಲಿಂದ ಎಣಿಸುತ್ತಾರೆ. ನಾವು ಬೆಳಿಗ್ಗೆ 7 ಎನ್ನುವುದು ಅವರಿಗೆ 1 ಗಂಟೆ. ಅವರ 3 ಗಂಟೆ ಅಂದರೆ ಅಲ್ಲಿ ಬೆಳಿಗ್ಗೆ 9, ನಮ್ಮಲ್ಲಿ 11:30. ಅವರ ಪಂಚಾಂಗದಲ್ಲಿ ವರ್ಷಕ್ಕೆ 13 ತಿಂಗಳು, ವರ್ಷದ ಲೆಕ್ಕವೂ ನಮಗಿಂತ ಏಳೆಂಟು ವರ್ಷ ಹಿಂದೆ. ಹಾಗಾಗಿ ತಾರೀಕು ಬರೆಯುವಾಗಲೂ ಒಮ್ಮೆ ಕೇಳಿಕೊಳ್ಳಿ. ಮುಂದಿನ ಸಲ ಟೈಮ್ ಹೇಳುವಾಗ ‘ನಿಮ್ಮ 3 ಗಂಟೆ, ನಮ್ಮ ಹನ್ನೊಂದೂವರೆ’ ಎಂದು ಎರಡನ್ನೂ ಬರೆಯಿರಿ.

ಇನ್ನೊಂದು ಮಾತು, ಆ ದಿನ ಬೆಳಿಗ್ಗೆ ಹನ್ನೊಂದೂವರೆಗೆ ಅಲ್ಲಿಯ ಮಕ್ಕಳು ಪರದೆ ಮುಂದೆ ಕೂತು ನಿಮ್ಮನ್ನು ಕಾದಿರುತ್ತಾರೆ. ಮೊದಲು ಅವರ ಹತ್ತಿರ ಕ್ಷಮೆ ಕೇಳಿಬಿಡಿ ಟೀಚರ್.